ತೊರಪಳ್ಳಿಯ ರಾಜಾಜಿ: ನಂಬಿಕೆ ಹಂಚುವುದಕ್ಕೂ ಹೇರುವುದಕ್ಕೂ ನಡುವಿನ ಗೆರೆ

ಹೊಸೂರು ಸೀಮೆಯ ತೊರಪಳ್ಳಿ ಎಂಬ ಹಳ್ಳಿಯಲ್ಲಿ ಒಂದು ಹಳೆಯ ಮನೆಯಿದೆ. ಇಂದು ಅದು ಸರ್ಕಾರದ ಸ್ಮಾರಕ. ಸ್ವತಂತ್ರ ಭಾರತದ ಏಕೈಕ ಭಾರತೀಯ ಗವರ್ನರ್ ಜನರಲ್ ಚಕ್ರವರ್ತಿ ರಾಜಗೋಪಾಲಾಚಾರಿ ಹುಟ್ಟಿದ್ದು ಆ ಊರಿನಲ್ಲಿ, 1878ರ ಡಿಸೆಂಬರ್ 10ರಂದು. ಆಗ ಹೊಸೂರು ಸೇಲಂ ಜಿಲ್ಲೆಗೆ ಸೇರಿತ್ತು. 1965ರಲ್ಲಿ ಧರ್ಮಪುರಿ ಜಿಲ್ಲೆ ರಚನೆಯಾದಾಗ ಅದರ ಭಾಗವಾಯಿತು, 2004ರಲ್ಲಿ ಕೃಷ್ಣಗಿರಿ ಜಿಲ್ಲೆಗೆ ಸೇರಿತು. ಜಿಲ್ಲೆಯ ಹೆಸರು ಎರಡು ಬಾರಿ ಬದಲಾದರೂ ಆ ಮಣ್ಣಿನಲ್ಲಿ ಕನ್ನಡ, ತೆಲುಗು, ತಮಿಳುಗಳು ಒಂದೇ ಸಂತೆಯಲ್ಲಿ ಬೆರೆಯುವುದು ಬದಲಾಗಿಲ್ಲ.

ರಾಜಾಜಿ ಅವರ ಪದವಿಗಳ ಪಟ್ಟಿಯನ್ನು ನಮ್ಮ ಮಕ್ಕಳು ಪಠ್ಯಪುಸ್ತಕದಲ್ಲಿ ಓದುತ್ತಾರೆ. ಈ ಬರಹದ ಉದ್ದೇಶ ಬೇರೆ. ದೃಢವಾದ ದೈವಶ್ರದ್ಧೆಯೂ ಕಠಿಣವಾದ ಜೀವನನಿಯಮಗಳೂ ಇದ್ದ ಒಬ್ಬ ಮನುಷ್ಯ ತನ್ನ ನಂಬಿಕೆಯನ್ನು ಇತರರೊಡನೆ ಹೇಗೆ ಹಂಚಿಕೊಂಡ, ಎಲ್ಲಿ ಅದನ್ನು ಇತರರ ಮೇಲೆ ಹೇರಿದ, ಎಲ್ಲಿ ಹೇರದೆ ಕಾದ ಎಂಬುದನ್ನು ನೋಡುವುದು. ಭಾಷಾ ಅಲ್ಪಸಂಖ್ಯಾತರಾದ ನಮಗೆ ಈ ಪ್ರಶ್ನೆ ಇತಿಹಾಸದ್ದು ಮಾತ್ರವಲ್ಲ.

ತೊರಪಳ್ಳಿಯ ಗ್ರಾಮ ಮುನ್ಸೀಫರಾಗಿದ್ದ ಚಕ್ರವರ್ತಿ ವೆಂಕಟಾರ್ಯ ಹಾಗೂ ಸಿಂಗಾರಮ್ಮ ದಂಪತಿಗಳ ಮಗ ರಾಜಗೋಪಾಲ ಹಳ್ಳಿಯ ಶಾಲೆಯಲ್ಲಿಯೂ ಹೊಸೂರಿನ ಶಾಲೆಯಲ್ಲಿಯೂ ಓದಿ, ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಪದವಿ ಪಡೆದರು. ಮದರಾಸಿನಲ್ಲಿ ಕಾನೂನು ಕಲಿತು 1900ರಲ್ಲಿ ಸೇಲಂನಲ್ಲಿ ವಕೀಲಿ ಆರಂಭಿಸಿದರು. ವಕೀಲರಾಗಿ ಬೇಗನೆ ಹೆಸರು, ಹಣ ಎರಡೂ ಬಂದವು. ಪತ್ನಿ ಅಲಮೇಲು ಮಂಗಮ್ಮ ಐವರು ಮಕ್ಕಳನ್ನು ಬಿಟ್ಟು ಚಿಕ್ಕ ವಯಸ್ಸಿನಲ್ಲೇ ತೀರಿಕೊಂಡರು. ಆಮೇಲೆ ರಾಜಾಜಿ ಮರುಮದುವೆಯಾಗಲಿಲ್ಲ. ಗೀತೆ, ಉಪನಿಷತ್ತು, ತಿರುಕ್ಕುರಳ್ ಅವರ ನಿತ್ಯದ ಓದು. ಮಾಂಸ, ಮದ್ಯ ಎರಡನ್ನೂ ಮುಟ್ಟದ ಸಂಪ್ರದಾಯದ ಅಯ್ಯಂಗಾರರು ಅವರು.

ಆದರೆ ಸಂಪ್ರದಾಯದ ಹೆಸರಿನಲ್ಲಿ ಮನುಷ್ಯನನ್ನು ದೂರವಿಡುವುದನ್ನು ಅವರು ಒಪ್ಪಲಿಲ್ಲ. 1917ರಿಂದ 1919ರವರೆಗೆ ಸೇಲಂ ಪುರಸಭೆಯ ಅಧ್ಯಕ್ಷರಾಗಿದ್ದಾಗ ಅಗ್ರಹಾರದ ನೀರು ಸರಬರಾಜಿನ ಕೆಲಸಕ್ಕೆ ದಲಿತ ಸಮುದಾಯದವರೊಬ್ಬರನ್ನು ನೇಮಿಸಿದರು. ಆ ಕೈ ತಿರುಗಿಸಿದ ನಲ್ಲಿಯ ನೀರು ಮೈಲಿಗೆಯೆಂದು ಅಗ್ರಹಾರದವರು ಗದ್ದಲವೆಬ್ಬಿಸಿದರು. ಅಧ್ಯಕ್ಷರು ನೇಮಕವನ್ನು ಹಿಂತೆಗೆದುಕೊಳ್ಳಲಿಲ್ಲ. ಅವರು ಯಾರಿಗೂ ನಿಮ್ಮ ಆಚಾರ ಬಿಡಿರೆಂದು ಉಪದೇಶ ಮಾಡಲಿಲ್ಲವೆಂಬುದನ್ನು ಗಮನಿಸಬೇಕು. ಊರಿನ ನೀರು ಎಲ್ಲರದು, ಊರಿನ ಕೆಲಸವೂ ಎಲ್ಲರದು ಎಂಬ ಸಾರ್ವಜನಿಕ ನಿಯಮವನ್ನು ಮಾತ್ರ ಜಾರಿಗೆ ತಂದರು.

1919ರಲ್ಲಿ ಗಾಂಧೀಜಿಯವರ ಪರಿಚಯವಾದ ಮೇಲೆ ಅವರ ಬದುಕು ತಿರುಗಿತು. ವಕೀಲಿಯನ್ನು ಬಿಟ್ಟರು, ವೆಲ್ಲೂರು ಜೈಲಿಗೆ ಹೋದರು. 1925ರ ಫೆಬ್ರವರಿಯಲ್ಲಿ ಅಂದಿನ ಸೇಲಂ ಜಿಲ್ಲೆಯ ತಿರುಚೆಂಗೋಡಿನ ಬಳಿ ಪುದುಪ್ಪಾಳಯಂ ಎಂಬಲ್ಲಿ ಗಾಂಧಿ ಆಶ್ರಮವನ್ನು ಕಟ್ಟಿದರು. ನೂಲುವುದು, ಖಾದಿ ಮಾರುವುದು, ಅಸ್ಪೃಶ್ಯತೆಯನ್ನು ಅಳಿಸುವುದು, ಕುಡಿತ ಬಿಡಿಸುವುದು ಅಲ್ಲಿನ ಕೆಲಸ. ಕುಡಿತದ ವಿರುದ್ಧ 1929ರಲ್ಲಿ ವಿಮೋಚನಂ ಎಂಬ ತಮಿಳು ಪತ್ರಿಕೆಯನ್ನು ಹೊರಡಿಸಿದರು. ಮುಂದೆ ದೊಡ್ಡ ಕಾದಂಬರಿಕಾರರಾದ ಕಲ್ಕಿ ಕೃಷ್ಣಮೂರ್ತಿ ಅದರಲ್ಲಿ ಅವರಿಗೆ ಜೊತೆಯಾಗಿದ್ದರು. ಬಂದದ್ದು ಹತ್ತೇ ಸಂಚಿಕೆ. ಕುಡುಕನನ್ನು ಬೈಯುವುದಕ್ಕಿಂತ, ಕೂಲಿಯ ಹಣ ಹೆಂಡದಂಗಡಿಗೆ ಹೋದ ದಿನ ಮನೆಯ ಒಲೆ ಏನಾಗುತ್ತದೆ ಎಂಬುದನ್ನು ಜನರ ಮುಂದಿಡುವುದು ಆ ಬಗೆಯ ಪ್ರಚಾರದ ಬಲವಾಗಿತ್ತು. ಇದು ನಂಬಿಕೆಯನ್ನು ಹಂಚುವ ಕ್ರಮ: ಕೇಳುವವನಿಗೆ ಒಪ್ಪುವ ಸ್ವಾತಂತ್ರ್ಯವೂ ಇತ್ತು, ಒಪ್ಪದೆ ಎದ್ದುಹೋಗುವ ಸ್ವಾತಂತ್ರ್ಯವೂ ಇತ್ತು.

1937ರಲ್ಲಿ ಅವರು ಮದರಾಸು ಪ್ರಾಂತ್ಯದ ಪ್ರಧಾನಿಯಾದಾಗ, ಅಂದರೆ ಇಂದಿನ ಲೆಕ್ಕದಲ್ಲಿ ಮುಖ್ಯಮಂತ್ರಿಯಾದಾಗ, ಕೈಯಲ್ಲಿದ್ದ ಸಾಧನ ಬದಲಾಯಿತು. ಪತ್ರಿಕೆಯ ಜಾಗಕ್ಕೆ ಕಾನೂನು ಬಂದಿತು. 1937ರ ಅಕ್ಟೋಬರ್ 1ರಿಂದ ಪಾನನಿಷೇಧವನ್ನು ಮೊದಲು ಜಾರಿಗೆ ತಂದದ್ದು ತಮ್ಮದೇ ಸೇಲಂ ಜಿಲ್ಲೆಯಲ್ಲಿ. ಅನಂತರ ಚಿತ್ತೂರು, ಕಡಪ, ಉತ್ತರ ಆರ್ಕಾಟು ಜಿಲ್ಲೆಗಳಿಗೂ ಅದು ವಿಸ್ತರಿಸಿತು. ಅಬಕಾರಿಯಿಂದ ಕೈತಪ್ಪಿದ ವರಮಾನವನ್ನು ತುಂಬಿಕೊಳ್ಳಲು 1939ರಲ್ಲಿ ಮಾರಾಟ ತೆರಿಗೆಯನ್ನು ತಂದರು. ಕುಡಿತದಿಂದ ಹೆಂಗಸರಿಗೂ ಮಕ್ಕಳಿಗೂ ಆಗುವ ಹಾನಿಯನ್ನು ಕಂಡವರು ಈ ಕ್ರಮವನ್ನು ಸುಲಭವಾಗಿ ಅಲ್ಲಗಳೆಯಲಾರರು. ತನ್ನ ಶ್ರದ್ಧೆಗೆ ಹೊಂದುತ್ತದೆಂಬ ಕಾರಣವೊಂದೇ ಇದ್ದಿದ್ದರೆ ಅದು ಹೇರಿಕೆ. ಇತರರಿಗಾಗುವ ಹಾನಿಯನ್ನು ತಡೆಯುವ ಕಾರಣವಿದ್ದುದರಿಂದ ಅದು ಚರ್ಚೆಗೆ ಅರ್ಹವಾದ ಕಾನೂನು.

ಮುಂದಿನ ವರ್ಷದ ಹೆಜ್ಜೆಗೆ ಆ ಸಮರ್ಥನೆ ಸಿಗುವುದಿಲ್ಲ. 1938ರ ಏಪ್ರಿಲ್‌ನಲ್ಲಿ ಅವರ ಸರ್ಕಾರ 125 ಪ್ರೌಢಶಾಲೆಗಳಲ್ಲಿ ಹಿಂದಿಯನ್ನು ಕಡ್ಡಾಯಗೊಳಿಸಿತು. ದೇಶವನ್ನು ಒಂದುಗೂಡಿಸುವ ಭಾಷೆಯೆಂಬ ನಂಬಿಕೆ ಅವರಲ್ಲಿ ಪ್ರಾಮಾಣಿಕವಾಗಿಯೇ ಇತ್ತು. ದಕ್ಷಿಣದಲ್ಲಿ 1918ರಿಂದಲೇ ಹಿಂದಿ ಪ್ರಚಾರ ನಡೆದಿತ್ತು, ಇಷ್ಟವಿದ್ದವರು ಕಲಿಯುತ್ತಿದ್ದರು. 1920ರ ದಶಕದಲ್ಲಿ ಈರೋಡಿನಲ್ಲಿ ಹಿಂದಿ ತರಗತಿಗೆ ನೆರವಾದವರಲ್ಲಿ ಅಂದಿನ ಕಾಂಗ್ರೆಸ್ ನಾಯಕ ಇ. ವಿ. ರಾಮಸಾಮಿ ಅವರೂ ಒಬ್ಬರು. ಅದೇ ರಾಮಸಾಮಿ ಕಡ್ಡಾಯ ಹಿಂದಿಯ ವಿರುದ್ಧ ಬೀದಿಗಿಳಿದು ಜೈಲು ಸೇರಿದರು. ಚಳವಳಿಯಲ್ಲಿ ಸಾವಿರಕ್ಕೂ ಹೆಚ್ಚು ಜನ ಬಂಧನಕ್ಕೊಳಗಾದರು. ನಟರಾಜನ್, ತಾಳಮುತ್ತು ಎಂಬ ಇಬ್ಬರು ಯುವಕರು ಬಂಧನದಲ್ಲಿದ್ದಾಗಲೇ ಕಾಯಿಲೆ ಬಿದ್ದು 1939ರಲ್ಲಿ ಪ್ರಾಣಬಿಟ್ಟರು. ಸ್ವಾತಂತ್ರ್ಯ ಹೋರಾಟಗಾರರ ವಿರುದ್ಧ ಬ್ರಿಟಿಷರು ಪ್ರಯೋಗಿಸಿದ್ದ ಕ್ರಿಮಿನಲ್ ಕಾನೂನು ತಿದ್ದುಪಡಿ ಕಾಯ್ದೆಯನ್ನೇ ಸ್ವತಃ ಜೈಲು ಕಂಡಿದ್ದ ರಾಜಾಜಿ ಭಾಷಾ ಚಳವಳಿಗಾರರ ಮೇಲೆ ಪ್ರಯೋಗಿಸಿದರು. ಅವರ ಸರ್ಕಾರ ರಾಜೀನಾಮೆ ಕೊಟ್ಟ ಬಳಿಕ, 1940ರ ಫೆಬ್ರವರಿಯಲ್ಲಿ ಗವರ್ನರ್ ಎರ್ಸ್ಕಿನ್ ಆ ಆದೇಶವನ್ನು ರದ್ದುಪಡಿಸಿದರು.

ಹಿಂದಿಯ ಗುಣದೋಷಗಳು ಇಲ್ಲಿ ಮುಖ್ಯವಲ್ಲ. ಇಷ್ಟಪಟ್ಟು ಬಂದವನಿಗೆ ಕಲಿಸುವುದು ಕೊಡುಗೆ. ಬಾರದವನು ದೇಶಪ್ರೇಮದಲ್ಲಿ ಕಡಿಮೆಯವನೆಂದು ಎಣಿಸಿ ಆತನನ್ನು ಬಲವಂತದಿಂದ ಕೂರಿಸುವುದು ತೀರ್ಪು. ಒಳ್ಳೆಯ ವಿಷಯವೂ ತೀರ್ಪಿನ ರೂಪದಲ್ಲಿ ಬಂದಾಗ ಜನ ಅದನ್ನು ಮುಟ್ಟುವುದಿಲ್ಲ.

ಅದೇ ಕಾಲದಲ್ಲಿ ದೇವಾಲಯ ಪ್ರವೇಶದ ವಿಷಯದಲ್ಲಿ ರಾಜಾಜಿ ಬೇರೆಯೇ ದಾರಿ ಹಿಡಿದರು. ದಲಿತ ನಾಯಕ ಎಂ. ಸಿ. ರಾಜಾ 1938ರಲ್ಲಿ ಪ್ರಾಂತ್ಯಕ್ಕೆಲ್ಲ ಅನ್ವಯವಾಗುವ ದೇವಾಲಯ ಪ್ರವೇಶ ಮಸೂದೆಯನ್ನು ತಂದಾಗ ಪ್ರಧಾನಿ ಅದನ್ನು ಬೆಂಬಲಿಸಲಿಲ್ಲ. ಮೊದಲು ಮಲಬಾರಿಗೆ ಮಾತ್ರ ಅನ್ವಯವಾಗುವ, ಅಲ್ಲಿನ ಹಿಂದೂಗಳ ಬಹುಮತವನ್ನು ಆಧರಿಸಿದ ಕಾನೂನನ್ನು ತಂದರು. 1939ರ ಜುಲೈ 8ರಂದು ವೈದ್ಯನಾಥ ಅಯ್ಯರ್ ಮುಂದಾಳ್ತನದಲ್ಲಿ ದಲಿತರೂ ನಾಡಾರರೂ ಮದುರೆಯ ಮೀನಾಕ್ಷಿ ದೇವಾಲಯವನ್ನು ಪ್ರವೇಶಿಸಿದ ಬಳಿಕ, ಬಾಗಿಲು ತೆರೆದವರಿಗೆ ಕಾನೂನಿನ ರಕ್ಷಣೆ ಕೊಡುವ ಕಾಯ್ದೆ ಬಂದಿತು. ಒಪ್ಪಿಸಿ ತೆರೆಸಬೇಕು, ಒಡೆದು ತೆರೆಸಬಾರದು ಎಂಬುದು ಅವರ ನಿಲುವು. ಅದಕ್ಕೆ ಬೆಲೆ ತೆತ್ತವರು ಇನ್ನೂ ಹೊರಗೆ ನಿಂತಿದ್ದ ಭಕ್ತರು. ಶಾಲೆಯ ಮಕ್ಕಳ ಮೇಲೆ ಕಡ್ಡಾಯವನ್ನು ಹಾಕಿದ ಸರ್ಕಾರ ದೇವಾಲಯದ ಒಡೆತನವಿದ್ದವರ ಮನಸ್ಸಿಗಾಗಿ ಕಾದಿತು. ಈ ತಾರತಮ್ಯವನ್ನು ಮರೆಮಾಚಿ ಬರೆದರೆ ಅದು ಜೀವನಚರಿತ್ರೆಯಾಗದೆ ಸ್ತುತಿಯಾಗುತ್ತದೆ.

1952ರಲ್ಲಿ ಮತ್ತೆ ಮುಖ್ಯಮಂತ್ರಿಯಾದ ರಾಜಾಜಿ ಮರುವರ್ಷ ಗ್ರಾಮೀಣ ಪ್ರಾಥಮಿಕ ಶಾಲೆಗಳಿಗೆ ಅರ್ಧ ದಿನದ ಪಾಠದ ಯೋಜನೆಯನ್ನು ತಂದರು. ಉಳಿದ ಹೊತ್ತಿನಲ್ಲಿ ಮಕ್ಕಳು ತಂದೆತಾಯಿಯರ ಕಸುಬನ್ನು ಕಲಿಯಬೇಕು. ಇದ್ದಷ್ಟೇ ಶಾಲೆಗಳಲ್ಲಿ ಹೆಚ್ಚು ಮಕ್ಕಳಿಗೆ ಜಾಗ ಸಿಗಲಿ, ಕೈಕೆಲಸಕ್ಕೆ ಗೌರವ ಬರಲಿ ಎಂಬುದು ಅವರ ಆಶಯ. ಕ್ಷೌರಿಕನ ಮಗ ಕ್ಷೌರಿಕನಾಗಿಯೇ ಉಳಿಯಬೇಕೆ ಎಂದು ವಿರೋಧಿಗಳು ಕೇಳಿದರು. ಅದಕ್ಕೆ ಕುಲಶಿಕ್ಷಣವೆಂಬ ಹೆಸರು ಬಿದ್ದಿತು. ತಾನು ಸೆಂಟ್ರಲ್ ಕಾಲೇಜಿಗೆ ಹೋದವರು ಬಡವರ ಮಗುವಿನ ಭವಿಷ್ಯವನ್ನು ತಾವೇ ತೀರ್ಮಾನಿಸಿದಂತೆ ಅದು ಜನರಿಗೆ ಕಂಡಿತು. 1954ರ ಏಪ್ರಿಲ್‌ನಲ್ಲಿ ಅವರು ಅಧಿಕಾರ ಬಿಟ್ಟರು, ಕಾಮರಾಜರು ಯೋಜನೆಯನ್ನು ಹಿಂತೆಗೆದುಕೊಂಡರು.

ಇಷ್ಟೆಲ್ಲದರ ನಡುವೆ ಒಂದು ಸ್ನೇಹ ಉಳಿದದ್ದು ರಾಜಾಜಿ ಅವರ ಬದುಕಿನ ಅಪೂರ್ವ ಸಂಗತಿ. ಪೆರಿಯಾರ್ ಎಂದು ಪ್ರಸಿದ್ಧರಾದ ರಾಮಸಾಮಿ ಅವರ ಮನೆಮಾತು ಕನ್ನಡ. ಅವರು ದೇವರನ್ನು ನಂಬಲಿಲ್ಲ, 1953ರಲ್ಲಿ ಗಣಪತಿಯ ಮೂರ್ತಿಗಳನ್ನು ಬಹಿರಂಗವಾಗಿ ಒಡೆದರು. ಆಗ ಮುಖ್ಯಮಂತ್ರಿಯಾಗಿದ್ದ ರಾಜಾಜಿ ರಾಮಾಯಣ, ಮಹಾಭಾರತಗಳನ್ನು ಸಾಮಾನ್ಯರ ತಮಿಳಿಗೆ ತಂದವರು. ಅವರ ರಾಮಾಯಣಕ್ಕೆ 1958ರಲ್ಲಿ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಬಂದಿತು. ಒಬ್ಬರ ಪೂಜ್ಯ ವಸ್ತು ಇನ್ನೊಬ್ಬರಿಗೆ ಮೂಢನಂಬಿಕೆ. ಆದರೂ 1949ರಲ್ಲಿ ತಮ್ಮ ಮದುವೆಯ ವಿಷಯದಲ್ಲಿ ಪೆರಿಯಾರ್ ಸಲಹೆ ಕೇಳಲು ಹೋದದ್ದು ಇದೇ ಅಯ್ಯಂಗಾರರ ಬಳಿಗೆ. ಇಬ್ಬರೂ ತಮ್ಮ ನಿಲುವನ್ನು ಕೊನೆಯವರೆಗೆ ಸಡಿಲಿಸಲಿಲ್ಲ. ಎದುರಾಳಿಯ ವಿಚಾರವನ್ನು ಖಂಡಿಸಿದರೂ ಆತನ ಮನುಷ್ಯತ್ವದ ಮೇಲೆ ತೀರ್ಪು ಕೊಡಲಿಲ್ಲ.

ವಯಸ್ಸಾದಂತೆ ರಾಜಾಜಿ ಬದಲಾದರು. ಹಿಂದಿಯೊಂದನ್ನೇ ಕೇಂದ್ರದ ಆಡಳಿತ ಭಾಷೆಯಾಗಿಸುವುದನ್ನು 1950ರ ದಶಕದ ಕೊನೆಯಿಂದ ಬಲವಾಗಿ ವಿರೋಧಿಸಿದರು. 1938ರಲ್ಲಿ ತಾವು ಜೈಲಿಗೆ ಕಳಿಸಿದವರ ಪಕ್ಕದಲ್ಲೇ 1965ರಲ್ಲಿ ಅವರ ದನಿಯೂ ಕೇಳಿಸಿತು. 1962ರಲ್ಲಿ, 83ನೆಯ ವಯಸ್ಸಿನಲ್ಲಿ, ಅಣ್ವಸ್ತ್ರ ಪರೀಕ್ಷೆಗಳನ್ನು ನಿಲ್ಲಿಸಿರೆಂದು ಕೇಳಲು ಅಮೆರಿಕಕ್ಕೆ ಹೋಗಿ ಅಧ್ಯಕ್ಷ ಕೆನಡಿ ಅವರನ್ನು ಕಂಡರು. 1971ರಲ್ಲಿ ತಮಿಳುನಾಡು ಸರ್ಕಾರ ಪಾನನಿಷೇಧವನ್ನು ಸಡಿಲಿಸಲು ಹೊರಟಾಗ, ತೊಂಬತ್ತು ದಾಟಿದ ರಾಜಾಜಿ ಮುಖ್ಯಮಂತ್ರಿ ಕರುಣಾನಿಧಿ ಅವರ ಮನೆಗೆ ತಾವೇ ಹೋಗಿ ಬೇಡವೆಂದು ವಿನಂತಿಸಿದರು. ವಿನಂತಿ ಫಲಿಸಲಿಲ್ಲ. 1972ರ ಡಿಸೆಂಬರ್ 25ರಂದು ಅವರು ಮದರಾಸಿನಲ್ಲಿ ಕಣ್ಮುಚ್ಚಿದರು. ಗಾಲಿಕುರ್ಚಿಯಲ್ಲಿ ಬಂದ ಪೆರಿಯಾರ್ ಗೆಳೆಯನ ಚಿತೆಯ ಬಳಿ ಕಣ್ಣೀರಿಟ್ಟರು. ಒಂದು ವರ್ಷದೊಳಗೆ ಅವರೂ ಹೊರಟುಹೋದರು.

ಈ ಕಥೆಯನ್ನು ನಮ್ಮ ಮನೆಗಳಲ್ಲಿ ಏಕೆ ಹೇಳಬೇಕು? 2006ರ ತಮಿಳು ಕಲಿಕಾ ಕಾಯ್ದೆಯ ನಂತರ ಭಾಷಾ ಅಲ್ಪಸಂಖ್ಯಾತ ಶಾಲೆಗಳ ಮಕ್ಕಳ ಪರೀಕ್ಷೆಯಲ್ಲಿ ಮಾತೃಭಾಷೆಯ ಸ್ಥಾನಕ್ಕಾಗಿ ನ್ಯಾಯಾಲಯದ ಮೆಟ್ಟಿಲು ಹತ್ತಬೇಕಾಯಿತು. ತಮಿಳನ್ನು ನಮ್ಮ ಮಕ್ಕಳು ಕಲಿಯಲೇಬೇಕು, ಕಲಿಯುತ್ತಲೂ ಇದ್ದಾರೆ. ಅದು ನೆರೆಯವರ ಭಾಷೆ, ನಾಳೆಯ ಉದ್ಯೋಗದ ಭಾಷೆ. ಆದರೆ ಕನ್ನಡದಲ್ಲಿ ಓದುವ ಮಗು ಈ ನಾಡಿಗೆ ನಿಷ್ಠೆಯಿಲ್ಲದ್ದು ಎಂಬ ತೀರ್ಪಿನೊಂದಿಗೆ ಯಾವ ಪಾಠವೂ ಬರಬಾರದು. 1938ರಲ್ಲಿ ತಮಿಳರು ಕೇಳಿದ್ದೂ ಇದನ್ನೇ.

ಅಳತೆಗೋಲು ನಮಗೂ ಅನ್ವಯಿಸುತ್ತದೆ. ಕನ್ನಡ ಮಾಧ್ಯಮಕ್ಕೆ ಮಕ್ಕಳನ್ನು ಕಳಿಸಿರೆಂದು ಮನೆಮನೆಗೆ ಹೋಗಿ ಕೇಳುವುದು ನಮ್ಮ ಹಕ್ಕು, ಕರ್ತವ್ಯ. ಇಂಗ್ಲಿಷ್ ಶಾಲೆಗೆ ಕಳಿಸಿದ ಪಕ್ಕದ ಮನೆಯವರನ್ನು ಭಾಷಾದ್ರೋಹಿಗಳೆಂದು ಕರೆಯುವುದು ನಮ್ಮ ಕೆಲಸವಲ್ಲ. ಊರ ಜಾತ್ರೆ, ಹಬ್ಬ, ಪ್ರಾರ್ಥನೆಗಳಿಗೂ ಇದೇ ಮಾತು ಸಲ್ಲುತ್ತದೆ: ಪ್ರಸಾದವನ್ನು ನೀಡಬಹುದು, ತೆಗೆದುಕೊಳ್ಳದವನನ್ನು ತರಗತಿಯಲ್ಲಿ ಬೇರೆ ಕೂರಿಸಬಾರದು.

ಡಿಸೆಂಬರ್ 10ರಂದು ರಾಜಾಜಿ ಅವರ ಜನ್ಮದಿನ. ಹೊಸೂರು, ಧರ್ಮಪುರಿ, ಸೇಲಂ ಭಾಗದ ಪೋಷಕರು ಅಂದು ಅಥವಾ ಹತ್ತಿರದ ಒಂದು ಭಾನುವಾರ ಮಕ್ಕಳನ್ನು ತೊರಪಳ್ಳಿಗೆ ಕರೆದೊಯ್ಯಲಿ. ಸ್ಮಾರಕದ ಮನೆಯನ್ನು ತೋರಿಸುವಾಗ ಗವರ್ನರ್ ಜನರಲ್ ಪದವಿಯ ಜೊತೆಗೆ ಸೇಲಂನ ನೀರಿನ ನಲ್ಲಿಯನ್ನೂ, 125 ಶಾಲೆಗಳನ್ನೂ, ಈರೋಡಿನ ಗೆಳೆಯನನ್ನೂ ನೆನಪಿಸಿ ಹೇಳಲಿ. ದೊಡ್ಡವರು ಎಲ್ಲಿ ಸರಿ, ಎಲ್ಲಿ ತಪ್ಪು ಎಂದು ಮಕ್ಕಳೇ ಕೇಳಿದರೆ ತಡೆಯದೆ ಉತ್ತರಿಸಲಿ.