ಯಲ್ಲಾಪ್ರಗಡ ಸುಬ್ಬರಾವ್

ಯಲ್ಲಾಪ್ರಗಡ ಸುಬ್ಬರಾವ್ ಅವರು 1895ರ ಜನವರಿ 12ರಂದು ಆಂಧ್ರದ ಭೀಮಾವರದಲ್ಲಿ ಬಡ ಕುಟುಂಬವೊಂದರಲ್ಲಿ ಜನಿಸಿದರು. ಅವರ ಇಬ್ಬರು ಸೋದರರು ಸ್ಪ್ರೂ ಎಂಬ ಕರುಳಿನ ರೋಗಕ್ಕೆ ಕೆಲವೇ ದಿನಗಳ ಅಂತರದಲ್ಲಿ ಬಲಿಯಾದರು. ಆ ನೋವು ಅವರ ಮನಸ್ಸಿನಿಂದ ಎಂದೂ ಮಾಸಲಿಲ್ಲ.

ಮದರಾಸಿನ ವೈದ್ಯಕೀಯ ಕಾಲೇಜಿನಲ್ಲಿ ಓದುವಾಗ ಅವರು ಗಾಂಧೀಜಿಯವರ ಕರೆಗೆ ಓಗೊಟ್ಟು ಖಾದಿ ತೊಟ್ಟರು. ಇದು ಆಂಗ್ಲ ಪ್ರಾಧ್ಯಾಪಕರ ಅಸಮಾಧಾನಕ್ಕೆ ಕಾರಣವಾಯಿತು. ಎಂ.ಬಿ.ಬಿ.ಎಸ್. ಪದವಿಯ ಬದಲು ಕೆಳದರ್ಜೆಯ ಎಲ್.ಎಂ.ಎಸ್. ಮಾತ್ರ ದೊರೆಯಿತು. ಬಳಿಕ ಪತ್ನಿಯನ್ನು ಊರಿನಲ್ಲೇ ಬಿಟ್ಟು ಅಮೆರಿಕದ ಬಾಸ್ಟನ್ ನಗರಕ್ಕೆ ತೆರಳಿದರು. ಅಲ್ಲಿ ಹಗಲು ಓದು, ರಾತ್ರಿ ಆಸ್ಪತ್ರೆಯಲ್ಲಿ ರೋಗಿಗಳ ಮಲಮೂತ್ರದ ಪಾತ್ರೆಗಳನ್ನು ತೊಳೆಯುವ ಕೆಲಸ. ಮುಂದೆ ಹಾರ್ವರ್ಡ್‌ನಲ್ಲಿ ಫಿಸ್ಕೆ ಅವರೊಡನೆ ಸ್ನಾಯುಗಳಲ್ಲಿರುವ ಎಟಿಪಿ ಎಂಬ ಶಕ್ತಿವಾಹಕವನ್ನು ಗುರುತಿಸಿದರು. ಆದರೂ ಅಲ್ಲಿ ಕಾಯಂ ಹುದ್ದೆ ದೊರೆಯಲಿಲ್ಲ. ತಮ್ಮ ಕೆಲಸವನ್ನು ತಾವೇ ಸಾರಿಕೊಳ್ಳುವ ಸ್ವಭಾವ ಅವರದಾಗಿರಲಿಲ್ಲ. ಅದರಿಂದ ಅವರಿಗೆ ನಷ್ಟವೇ ಆಯಿತೆನ್ನಬೇಕು.

1940ರಲ್ಲಿ ಅವರು ಲೆಡರ್ಲೆ ಔಷಧ ಸಂಸ್ಥೆಯನ್ನು ಸೇರಿದರು. 1945ರಲ್ಲಿ ಅವರ ತಂಡವು ಫೋಲಿಕ್ ಆಮ್ಲವೆಂಬ ಜೀವಸತ್ತ್ವವನ್ನು ಪ್ರಯೋಗಶಾಲೆಯಲ್ಲಿ ತಯಾರಿಸಿತು. ಸೋದರರನ್ನು ಕೊಂದ ಸ್ಪ್ರೂ ರೋಗದ ರಕ್ತಹೀನತೆಗೆ ಅದು ಮದ್ದಾಯಿತು.

ಆದರೆ ಅದೇ ಜೀವಸತ್ತ್ವವು ರಕ್ತಾರ್ಬುದದ ಮಕ್ಕಳಲ್ಲಿ ರೋಗವನ್ನು ಹೆಚ್ಚಿಸುವಂತೆ ಬಾಸ್ಟನ್ನಿನ ವೈದ್ಯ ಸಿಡ್ನಿ ಫಾರ್ಬರ್ ಅವರಿಗೆ ಕಂಡಿತು. ಇದಕ್ಕೆ ಕಾರಣವಿದೆ. ಜೀವಕೋಶವೊಂದು ಎರಡಾಗಬೇಕಾದರೆ ಅದರ ಡಿಎನ್‌ಎ ಮೊದಲು ಇಮ್ಮಡಿಯಾಗಬೇಕು. ಅದಕ್ಕೆ ಬೇಕಾದ ಥೈಮಿನ್ ಮೊದಲಾದ ಘಟಕಗಳ ತಯಾರಿಕೆಗೆ ಫೋಲಿಕ್ ಆಮ್ಲದ ನೆರವು ಅಗತ್ಯ. ಡೈಹೈಡ್ರೋಫೋಲೇಟ್ ರಿಡಕ್ಟೇಸ್ ಎಂಬ ಕಿಣ್ವವು ಆ ಆಮ್ಲವನ್ನು ಬಳಕೆಗೆ ಸಿದ್ಧಗೊಳಿಸುತ್ತದೆ. ಅರ್ಬುದದ ಕೋಶಗಳು ಎಡೆಬಿಡದೆ ವಿಭಜಿಸುವುದರಿಂದ ಅವುಗಳಿಗೆ ಈ ಘಟಕಗಳು ಹೇರಳವಾಗಿ ಬೇಕು.

ಸುಬ್ಬರಾವ್ ಅವರ ತಂಡವು ಫೋಲಿಕ್ ಆಮ್ಲವನ್ನೇ ಹೋಲುವ ಅಮಿನಾಪ್ಟೆರಿನ್ ಎಂಬ ಇನ್ನೊಂದು ವಸ್ತುವನ್ನು ತಯಾರಿಸಿತು. ಸುಳ್ಳು ಕೀಲಿಕೈ ಬೀಗದೊಳಗೆ ಸಿಕ್ಕಿಕೊಂಡಂತೆ ಅದು ಕಿಣ್ವದಲ್ಲಿ ಸಿಕ್ಕಿಕೊಂಡು ಕೆಲಸವನ್ನು ತಡೆಯುತ್ತದೆ. ಫಾರ್ಬರ್ ಅದನ್ನು 16 ಮಕ್ಕಳಿಗೆ ನೀಡಿದರು. ಸಾವಿನ ಅಂಚಿನಲ್ಲಿದ್ದ ಅವರಲ್ಲಿ 10 ಮಂದಿ ಚೇತರಿಸಿಕೊಂಡರು. ಆ ಚೇತರಿಕೆ ಬಹುಕಾಲ ನಿಲ್ಲಲಿಲ್ಲ, ನಿಜ; ಆದರೆ ಅದುವರೆಗೆ ಈ ರೋಗಕ್ಕೆ ಅಷ್ಟು ಫಲ ನೀಡಿದ ಮದ್ದೇ ಇರಲಿಲ್ಲ.

1948ರ ಜೂನ್‌ನಲ್ಲಿ ಆ ವರದಿ ಪ್ರಕಟವಾಯಿತು. ಅದೇ ಆಗಸ್ಟ್‌ನಲ್ಲಿ, 53ನೆಯ ವಯಸ್ಸಿನಲ್ಲಿ, ಸುಬ್ಬರಾವ್ ನಿದ್ರೆಯಲ್ಲಿಯೇ ಹೃದಯಾಘಾತದಿಂದ ತೀರಿಕೊಂಡರು. ಅವರು ಮತ್ತೆ ತಾಯ್ನಾಡನ್ನು ಕಾಣಲಿಲ್ಲ. ಅಮಿನಾಪ್ಟೆರಿನ್ನಿನ ಸೋದರ ಔಷಧವಾದ ಮೆಥೋಟ್ರೆಕ್ಸೇಟನ್ನು ರಕ್ತಾರ್ಬುದದ ಮಕ್ಕಳಿಗೆ ಇತರ ಔಷಧಗಳೊಡನೆ ಇಂದಿಗೂ ಕೊಡುತ್ತಾರೆ. ಅವರಲ್ಲಿ ಬಹುಪಾಲು ಮಕ್ಕಳು ಗುಣಹೊಂದಿ ಶಾಲೆಗೆ ಮರಳುತ್ತಾರೆ.