ಕಡಲು ಯಾಕೆ ನೀಲಿ ಅಂತ ಕೇಳಿದವರು

ಯಶವಂತನಗರಕ್ಕೆ ಹೋಗಿ ಬಂದರೆ ಚಪ್ಪಲಿಗೆ ಅಂಟಿಕೊಂಡು ಬರೋದು ಕೆಂಪು ಧೂಳು. ಕಬ್ಬಿಣದ ಅದಿರಿನ ಬಣ್ಣ ಅದು ಅಂತ ನಮಗೆಲ್ಲ ಗೊತ್ತು. ಅದಿರಿನೊಳಗಿನ ಎಲೆಕ್ಟ್ರಾನ್‌ಗಳು ನೀಲಿ ಬೆಳಕನ್ನು ಹೀರಿಕೊಳ್ಳುತ್ತವೆ, ಕೆಂಪು ನಮ್ಮ ಕಣ್ಣಿಗೆ ಉಳಿಯುತ್ತೆ. ಆದರೆ ಕೆಂಪು ಯಾಕೆ ಅಂತ ನಾವು ಕೇಳಿದ್ದೇ ಕಮ್ಮಿ. ಬಣ್ಣದ ಬಗ್ಗೆ ಇಂಥದೇ ಪ್ರಶ್ನೆ ಕೇಳಿ, ಉತ್ತರ ಸಿಗೋವರೆಗೂ ಬಿಡದವರು ಸರ್ ಸಿ. ವಿ. ರಾಮನ್.

1888ರ ನವೆಂಬರ್ 7ರಂದು ತಿರುಚಿರಾಪಳ್ಳಿಯಲ್ಲಿ ಹುಟ್ಟಿದ ರಾಮನ್, 1907ರಲ್ಲಿ ಎಂ.ಎ. ಮುಗಿಸಿ ಹಣಕಾಸು ಇಲಾಖೆಯ ನೌಕರಿ ಹಿಡಿದು ಕಲ್ಕತ್ತಕ್ಕೆ ಹೋದರು. ಹಗಲು ಲೆಕ್ಕಪತ್ರ, ಬಿಡುವಿನ ವೇಳೆ ಪ್ರಯೋಗಶಾಲೆ. 1917ರಲ್ಲಿ ಒಳ್ಳೆ ಸಂಬಳದ ಆ ಕೆಲಸ ಬಿಟ್ಟು, ಕಮ್ಮಿ ಸಂಬಳದ ಪ್ರಾಧ್ಯಾಪಕ ಹುದ್ದೆಗೆ ಸೇರಿದರು.

1921ರಲ್ಲಿ ಇಂಗ್ಲೆಂಡಿನಿಂದ ಹಡಗಿನಲ್ಲಿ ವಾಪಸ್ ಬರುವಾಗ ಮೆಡಿಟರೇನಿಯನ್ ಕಡಲಿನ ನೀಲಿ ಅವರನ್ನು ಹಿಡಿದು ನಿಲ್ಲಿಸಿತು. ಆಕಾಶದ ಪ್ರತಿಬಿಂಬದಿಂದ ಕಡಲು ನೀಲಿ ಅನ್ನೋದು ಆಗಿನ ವಿವರಣೆ. ರಾಮನ್ ಪ್ರಿಸಂ ಹಿಡಿದು ಪ್ರತಿಬಿಂಬದ ಬೆಳಕನ್ನು ತಡೆದು ನೋಡಿದರು. ನೀಲಿ ಹೋಗಲಿಲ್ಲ! ಅಲ್ಲಿಂದ ಏಳು ವರ್ಷ ದ್ರವಗಳಲ್ಲಿ ಬೆಳಕು ಚದುರೋದರ ಬೆನ್ನು ಹತ್ತಿದರು. 1928ರ ಫೆಬ್ರವರಿ 28ರಂದು, ಶಿಷ್ಯ ಕೆ. ಎಸ್. ಕೃಷ್ಣನ್ ಜೊತೆಗಿನ ಕೆಲಸದಲ್ಲಿ, ಚದುರಿದ ಬೆಳಕಿನ ಒಂದು ಚೂರು ಬಣ್ಣ ಬದಲಿಸಿಕೊಂಡು ಬರೋದು ಖಚಿತವಾಯಿತು. ಆ ಬದಲಾವಣೆಯಲ್ಲಿ ಅಣುವಿನ ಕಂಪನದ ಗುರುತು ಇರುತ್ತೆ. 1930ರಲ್ಲಿ ನೊಬೆಲ್ ಬಂತು.

1933ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಮೊದಲ ಭಾರತೀಯ ನಿರ್ದೇಶಕರಾದರು. ಆಡಳಿತ ಮಂಡಳಿ ಜೊತೆ ಹೊಂದಲಿಲ್ಲ. 1937ರಲ್ಲಿ ಆ ಸ್ಥಾನ ಬಿಟ್ಟರು, ಪ್ರಯೋಗ ಬಿಡಲಿಲ್ಲ. 1948ರಲ್ಲಿ ತಮ್ಮದೇ ಸಂಶೋಧನಾಲಯ ಕಟ್ಟಿದರು. 1970ರ ನವೆಂಬರ್ 21ರಂದು ತೀರಿಕೊಂಡಾಗ ಅದೇ ತೋಟದಲ್ಲಿ ಅಂತ್ಯಕ್ರಿಯೆ ನಡೆಯಿತು. ಸ್ಮಾರಕದ ಬದಲು ಅಲ್ಲೊಂದು ಮರವಿದೆ.

ಇದಕ್ಕೂ ನಮ್ಮ ಕಂಪ್ಯೂಟರಿಗೂ ಏನು ಸಂಬಂಧ? ದ್ರಾವಣದಲ್ಲಿ ಬೆಳಕು ಬಿದ್ದಾಗ ಒಂದು ಅಣುವಿನ ಎಲೆಕ್ಟ್ರಾನ್ ಪಕ್ಕದ ಅಣುವಿಗೆ ಜಿಗಿಯಬಹುದು. ಆಗ ಅಣುಗಳ ಬಂಧಗಳು ಹಿಗ್ಗಿ ಕುಗ್ಗುತ್ತವೆ, ಸುತ್ತಲಿನ ದ್ರಾವಕದ ಅಣುಗಳೂ ಮಗ್ಗುಲು ಬದಲಿಸುತ್ತವೆ. ಅದಕ್ಕೆ ಎಷ್ಟು ಶಕ್ತಿ ಬೇಕು ಅಂತ ಕಂಪ್ಯೂಟರ್ ಲೆಕ್ಕ ಹಾಕಿ ಕೊಡುತ್ತೆ. ಲೆಕ್ಕ ಸರಿಯೋ ತಪ್ಪೋ? ಯಾವ ಬಂಧ ಎಷ್ಟು ಅಲುಗಿತು ಅನ್ನೋದನ್ನು ರಾಮನ್ ರೋಹಿತದ ಗೆರೆಗಳಿಂದ ತಿಳಿದು ತಾಳೆ ನೋಡಬಹುದು.

ಹಾಗಾಗಿ ಪರದೆ ಮೇಲೆ ಚಿತ್ರ ಚೆನ್ನಾಗಿ ಬಂತು ಅಂತ ನಾವು ಅಲ್ಲಿಗೇ ನಿಲ್ಲಿಸೋದು ಬೇಡ. ಹಡಗಿನ ಮೇಲೆ ನಿಂತು ರಾಮನ್ ಮಾಡಿದ ಹಾಗೆ, ಒಮ್ಮೆ ಪರೀಕ್ಷಿಸಿಯೇ ನಂಬೋಣ.