ಪೆನಿಸಿಲಿನ್ ಕೈಗೆ ದೊರಕಿಸಿದ ನಾರ್ಮನ್ ಹೀಟ್ಲಿ

ಪೆನಿಸಿಲಿನ್ ಎಂದೊಡನೆ ನೆನಪಾಗುವುದು ಅಲೆಕ್ಸಾಂಡರ್ ಫ್ಲೆಮಿಂಗ್ ಅವರ ಹೆಸರು. 1928ರಲ್ಲಿ ಬೂಷ್ಟಿನ ಆ ಗುಣವನ್ನು ಗುರುತಿಸಿದವರು ಅವರೇ, ನಿಜ. ಆದರೆ ಬೂಷ್ಟು ಬೆಳೆದ ದ್ರವದಿಂದ ಔಷಧವನ್ನು ಕೆಡದಂತೆ ಹೊರತೆಗೆದ ಕೀರ್ತಿ ನಾರ್ಮನ್ ಹೀಟ್ಲಿ ಅವರಿಗೆ ಸಲ್ಲಬೇಕು.

1911ರ ಜನವರಿ 10ರಂದು ಇಂಗ್ಲೆಂಡಿನ ವುಡ್‌ಬ್ರಿಜ್‌ನಲ್ಲಿ ಪಶುವೈದ್ಯರ ಮಗನಾಗಿ ಜನಿಸಿದ ಹೀಟ್ಲಿ, ಕೇಂಬ್ರಿಜ್‌ನಲ್ಲಿ ಜೀವರಸಾಯನ ಶಾಸ್ತ್ರ ಕಲಿತು 1936ರಲ್ಲಿ ಆಕ್ಸ್‌ಫರ್ಡ್ ಸೇರಿದರು. 1939ರಲ್ಲಿ ಡೆನ್ಮಾರ್ಕಿಗೆ ಹೊರಟಿದ್ದವರನ್ನು ಯುದ್ಧ ತಡೆಯಿತು. ಹೊವಾರ್ಡ್ ಫ್ಲೋರಿ ತಮ್ಮ ತಂಡದಲ್ಲೇ ಉಳಿಸಿಕೊಂಡರು.

ದ್ರವದಲ್ಲಿ ಪೆನಿಸಿಲಿನ್ ಇರುತ್ತಿದ್ದುದು ಅತ್ಯಲ್ಪ. ಆಮ್ಲ ಬೆರೆಸಿದರೆ ಅದು ಈಥರ್‌ಗೆ ಸೇರುತ್ತಿತ್ತು; ಈಥರನ್ನು ಆರಿಸಲು ಹೋದರೆ ಔಷಧದ ಶಕ್ತಿಯೇ ಮಾಯ! 1932ರ ಹೊತ್ತಿಗೆ ಲಂಡನ್ನಿನ ಹೆರಾಲ್ಡ್ ರೈಸ್ಟ್ರಿಕ್ ಅವರ ತಂಡ ಕೈಚೆಲ್ಲಿದ್ದು ಇಲ್ಲಿಯೇ. 1940ರಲ್ಲಿ ಹೀಟ್ಲಿ ಹೇಳಿದ ಉಪಾಯ ಬಲು ಸರಳ. ಈಥರನ್ನು ಆರಿಸುವುದೇ ಬೇಡ, ಆಮ್ಲತೆ ಕಳೆದ ನೀರಿನೊಡನೆ ಕುಲುಕಿದರೆ ಪೆನಿಸಿಲಿನ್ ತಾನಾಗಿ ನೀರಿಗೆ ಮರಳುತ್ತದೆ. ಆಮ್ಲದಲ್ಲಿ ಅದು ಬೇಗ ಕೆಡುವುದರಿಂದ ಎಲ್ಲವೂ ತಣ್ಣಗಿರಬೇಕು, ಬೇಗ ಮುಗಿಯಬೇಕು. ಆ ನೀರನ್ನು ಹೆಪ್ಪುಗಟ್ಟಿಸಿ ಒಣಗಿಸಿದರೆ ಕಂದು ಪುಡಿ ಸಿದ್ಧ.

ಯುದ್ಧಕಾಲ, ಉಪಕರಣಗಳಿಲ್ಲ. ಗ್ರಂಥಾಲಯದವರು ಬಿಸಾಡಿದ ಪುಸ್ತಕದ ಕಪಾಟು, ಬಾಟಲಿ, ರಬ್ಬರ್ ಕೊಳವೆ, ಕರೆಗಂಟೆ ಜೋಡಿಸಿ ಹೀಟ್ಲಿ ಯಂತ್ರ ಕಟ್ಟಿದರು. ಬೂಷ್ಟು ಬೆಳೆಸಲು ಮೊದಲು ಆಸ್ಪತ್ರೆಯ ಬೆಡ್‌ಪ್ಯಾನ್‌ಗಳೇ ಗತಿ! ಅದೇ ಮಾದರಿಯಲ್ಲಿ ಮಾಡಿಸಿದ ಪಿಂಗಾಣಿ ಪಾತ್ರೆಗಳನ್ನು 1940ರ ಕ್ರಿಸ್‌ಮಸ್ ಮುನ್ನ ತಾವೇ ಎರವಲು ವ್ಯಾನಿನಲ್ಲಿ ತಂದರು.

1941ರ ಫೆಬ್ರವರಿ 12ರಂದು ಪೊಲೀಸ್ ಪೇದೆ ಆಲ್ಬರ್ಟ್ ಅಲೆಕ್ಸಾಂಡರ್‌ಗೆ ಮೊದಲ ಚುಚ್ಚುಮದ್ದು. ಮುಖವೆಲ್ಲ ಕೀವು ತುಂಬಿದ್ದ ಆತ ಚೇತರಿಸತೊಡಗಿದ. ಔಷಧ ಸಾಲದಾಯಿತು. ಆತನ ಮೂತ್ರದಿಂದಲೇ ಪೆನಿಸಿಲಿನ್ ಮರಳಿ ತೆಗೆದು ಕೊಟ್ಟರು. ಅದೂ ಮುಗಿಯಿತು. ಮಾರ್ಚ್ 15ರಂದು ಆತ ಅಸುನೀಗಿದ.

ಅದೇ ವರ್ಷ ಫ್ಲೋರಿಯೊಡನೆ ಅಮೆರಿಕಕ್ಕೆ ತೆರಳಿದ ಹೀಟ್ಲಿ, ಪಿಯೋರಿಯಾದ ಪ್ರಯೋಗಾಲಯದಲ್ಲಿ ದುಡಿದರು. ಮೆಕ್ಕೆಜೋಳ ನೆನೆಸಿದ ನೀರು ಬಳಸಿದಾಗ ಇಳುವರಿ ಹಲವು ಪಟ್ಟು ಏರಿತು. ಮುಂದೆ ಕಾರ್ಖಾನೆಗಳಲ್ಲಿ ದ್ರಾವಕ ಬದಲಾಯಿತು, ಆಮ್ಲತೆ ಏರಿಳಿಸಿ ಔಷಧವನ್ನು ಅತ್ತಿಂದಿತ್ತ ದಾಟಿಸುವ ತತ್ತ್ವ ಉಳಿಯಿತು. ಪುಣೆಯವರಿಗೆ ಪರಿಚಿತವಾದ ಪಿಂಪ್ರಿಯ ಹಿಂದೂಸ್ತಾನ್ ಆಂಟಿಬಯೋಟಿಕ್ಸ್‌ನಲ್ಲಿ ಪೆನಿಸಿಲಿನ್ ಉತ್ಪಾದನೆ ಆರಂಭವಾದದ್ದು 1955ರಲ್ಲಿ.

1945ರ ನೊಬೆಲ್ ಫ್ಲೆಮಿಂಗ್, ಫ್ಲೋರಿ, ಚೈನ್ ಮೂವರ ಪಾಲಾಯಿತು. ನಿಯಮ ಮೂವರಿಗಷ್ಟೇ ಎನ್ನುತ್ತದೆ. ಆದರೂ ಮನಸ್ಸು ಒಪ್ಪುವುದಿಲ್ಲ. 1990ರಲ್ಲಿ ಆಕ್ಸ್‌ಫರ್ಡ್ ವಿಶ್ವವಿದ್ಯಾಲಯ ವೈದ್ಯರಲ್ಲದ ಹೀಟ್ಲಿ ಅವರಿಗೆ ವೈದ್ಯಕೀಯದ ಗೌರವ ಡಾಕ್ಟರೇಟ್ ನೀಡಿತು. 2004ರ ಜನವರಿ 5ರಂದು, 93 ತುಂಬಲು ಐದು ದಿನವಿರುವಾಗ, ಅವರು ಆಕ್ಸ್‌ಫರ್ಡ್‌ನಲ್ಲಿ ನಿಧನರಾದರು.